ಸೋತ ಕೈ ಮೊದಲು, ಬಿಚ್ಚುವಾಗ ಕೊನೆಗೆ

ಲಕ್ವ ಹೊಡೆದ ಅಪ್ಪಯ್ಯನಿಗೋ ಅಮ್ಮನಿಗೋ ಬಟ್ಟೆ ಹಾಕುವಾಗ ಸೋತ ಕೈಯನ್ನು ಮೊದಲು ತೋಳಿಗೆ ತೂರಿಸಿ. ಬಿಚ್ಚುವಾಗ ಅದನ್ನೇ ಕೊನೆಗೆ ಬಿಡಿಸಿ. ಅಂಗಿ, ಸ್ವೆಟರ್, ಪ್ಯಾಂಟ್, ಎಲ್ಲಕ್ಕೂ ಇದೇ ಕ್ರಮ, ಪ್ಯಾಂಟಿಗಾದರೆ ಸೋತ ಕಾಲು. ಮೊದಲ ತೋಳು ಹಾಕುವಾಗ ಬಟ್ಟೆ ಪೂರ್ತಿ ಸಡಿಲ ಇರುತ್ತದೆ, ಸೋತ ಕೈಯನ್ನು ಹಿಂದಕ್ಕೆ ತಿರುಚಬೇಕಾಗಿಲ್ಲ. ಆಮೇಲೆ ಗಟ್ಟಿ ಕೈ ತಾನೇ ದಾರಿ ಮಾಡಿಕೊಳ್ಳುತ್ತದೆ. ಅವಸರದಲ್ಲಿ ಕೈ ಹಿಡಿದು ಎಳೆದುಬಿಡ್ತೀವಿ ಅಲ್ವಾ, ಅದು ಬೇಡವೇ ಬೇಡ. ಬಲ ಇಲ್ಲದ ಭುಜ ಕೀಲಿನಿಂದ ಜಾರಬಹುದು, ಆ ನೋವು ಬೇಗ ಹೋಗುವುದಿಲ್ಲ. ಅಂಗಿ ತೋಳಿನ ತುದಿಯಿಂದ ನಿಮ್ಮ ಕೈ ಒಳಗೆ ಹಾಕಿ, ಅವರ ಬೆರಳುಗಳನ್ನು ಮುಚ್ಚಿ ಹಿಡಿದು, ಬಟ್ಟೆಯನ್ನು ಮೊಣಕೈ ದಾಟಿಸಿ ಭುಜದವರೆಗೆ ಸರಿಸಿ. ಕೆಳಗಿನ ಎರಡು ಗುಂಡಿ ಅವರೇ ಹಾಕಿಕೊಳ್ಳಲಿ. ಐದು ನಿಮಿಷ ಹಿಡಿದರೂ ಹಿಡಿಯಲಿ, ಆ ಎರಡು ಗುಂಡಿ ಅವರಿಗೆ ತುಂಬಾ ದೊಡ್ಡದು. ಮಳೆಗಾಲದಲ್ಲಿ ಬಚ್ಚಲ ಒಲೆ ಹತ್ತಿರ ಒಣಗಿಸಿದ ಬಟ್ಟೆಯನ್ನು ಬಿಸಿಬಿಸಿ ತೊಡಿಸಬೇಡಿ. ಸೋತ ಕಡೆ ಸ್ಪರ್ಶ ಕಮ್ಮಿ ಇದ್ದರೆ ಜಿಪ್ ಕಾದಿದ್ದೂ ಅವರಿಗೆ ತಿಳಿಯುವುದಿಲ್ಲ. ಜಿಬಿಎಸ್ (ಗಿಲ್ಲನ್-ಬಾರೆ ಸಿಂಡ್ರೋಮ್ ಎಂಬ ನರಗಳ ಕಾಯಿಲೆ) ತರಹ ಎರಡೂ ಕೈ ಸೋತ ಕಾಯಿಲೆಯಲ್ಲಿ ಈ ಉಪಾಯ ಅಷ್ಟಾಗಿ ನಡೆಯುವುದಿಲ್ಲ, ಅಲ್ಲಿ ಮುಂದೆ ಪೂರ್ತಿ ತೆರೆಯುವ ದೊಗಲೆ ಅಂಗಿ ಅನುಕೂಲ. ಕೈ ಸೆಟೆದು ಎದೆಗೆ ಒತ್ತಿಕೊಂಡಿದ್ದರೂ ಸುಮ್ನೆ ಬಲ ಹಾಕಬೇಡಿ, ಫಿಸಿಯೋಥೆರಪಿಯವರ ಹತ್ತಿರ ಸಡಿಲಿಸುವ ಬಗೆ ಕಲಿತುಕೊಳ್ಳಿ.