ಟಗರು ತಿಂದದ್ದೆಷ್ಟು, ಮೈಗೆ ದಕ್ಕಿದ್ದೆಷ್ಟು: ಜೀರ್ಣತೆ ಪ್ರಯೋಗ ಮಾಡುವುದು ಹೇಗೆ?

ಬೆಳಿಗ್ಗೆ ಎಂಟು ಗಂಟೆ. ಗೋದಲಿಯಲ್ಲಿ ಉಳಿದಿದ್ದ ರಾಗಿ ಹುಲ್ಲನ್ನು ತೂಗಿದ ಹುಡುಗ ಪುಸ್ತಕದಲ್ಲಿ 1,040 ಗ್ರಾಂ ಎಂದು ಬರೆದ. ಹಿಂದಿನ ದಿನ ಆ ಟಗರಿಗೆ ಕೊಟ್ಟದ್ದೇ 1,000 ಗ್ರಾಂ! ಹೋಗಿ ನೋಡಿದರೆ ರಾತ್ರಿ ಟಗರು ನೀರಿನ ಬಕೆಟ್ ಉರುಳಿಸಿತ್ತು. ಹುಲ್ಲೆಲ್ಲ ತೊಯ್ದು ಭಾರವಾಗಿತ್ತು. ಹುಡುಗ ತೂಗಿದ್ದರಲ್ಲಿ ತಪ್ಪಿರಲಿಲ್ಲ. ಒದ್ದೆ ಹುಲ್ಲನ್ನು ಒಣಗಿಸಿ ಲೆಕ್ಕ ಹಿಡಿಯಬೇಕು ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ಪಶು ಆಹಾರ ಮತ್ತು ಶರೀರಕ್ರಿಯೆಯ ಸಂಶೋಧನೆ ಕಲಿಯಲು ಬರುವವರಿಗೆ ಲ್ಯಾಬ್ ಎಂದರೆ ಭಯ. ಆಸಿಡ್, ಗಾಜಿನ ಸಾಮಾನು, ಯಂತ್ರಗಳು. ಆದರೆ ಲ್ಯಾಬಿನಲ್ಲಿ ತಪ್ಪಾದರೆ ಅದೇ ಸ್ಯಾಂಪಲ್ಲನ್ನು ಇನ್ನೊಮ್ಮೆ ಪರೀಕ್ಷೆ ಮಾಡಬಹುದು. ಕೊಟ್ಟಿಗೆಯಲ್ಲಿ ತಪ್ಪಾದರೆ ಆ ದಿನ ವಾಪಸ್ ಬರುವುದಿಲ್ಲ. ಅದಕ್ಕೇ ಮೊದಲ ಪ್ರಯೋಗವಾಗಿ ಜೀರ್ಣತೆ ಪ್ರಯೋಗವನ್ನೇ ಮಾಡಿ. ತಿಂದದ್ದರಲ್ಲಿ ಹಿಕ್ಕೆಯಾಗಿ ಹೊರಗೆ ಹೋದದ್ದನ್ನು ಕಳೆದರೆ ಒಳಗೆ ಜೀರ್ಣವಾದದ್ದು ಸಿಗುತ್ತದೆ. ಕೇಳಲು ಸುಲಭ, ಅಲ್ವಾ? ಮಾಡುವಾಗ ಗೊತ್ತಾಗುತ್ತದೆ.

ಹಂತ 1: ಒಂದು ಪ್ರಶ್ನೆ, ಒಂದು ಅನುಮತಿ

ಒಂದೇ ಪ್ರಶ್ನೆ ಇಟ್ಟುಕೊಳ್ಳಿ. "ರಾಗಿ ಹುಲ್ಲಿನ ಜೊತೆ ಕಡಲೆಕಾಯಿ ಹಿಂಡಿ ಕೊಟ್ಟರೆ ಹುಲ್ಲು ಹೆಚ್ಚು ಜೀರ್ಣವಾಗುತ್ತದೆಯೇ?" ಇಷ್ಟು ಸಾಕು. ಆಮೇಲೆ ನಿಮ್ಮ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಪಡೆಯಿರಿ. ಪ್ರಾಣಿ ಹಿಂಸೆ ತಡೆಯುವ 1960ರ ಕಾಯ್ದೆಯ ಕೆಳಗೆ 1998ರಲ್ಲಿ ಬಂದ ನಿಯಮಗಳು ಇದನ್ನು ಕೇಳುತ್ತವೆ. ಒಪ್ಪಿಗೆ ಬರುವ ಮುಂಚೆ ಪ್ರಾಣಿಯನ್ನು ಮುಟ್ಟಬೇಡಿ.

ಹಂತ 2: ಪ್ರಾಣಿಗಳ ಆಯ್ಕೆ

ಗಂಡು ಪ್ರಾಣಿಗಳನ್ನೇ ಆರಿಸಿ. ಗಂಡಿನಲ್ಲಿ ಗಂಜಲ ಮತ್ತು ಹಿಕ್ಕೆ ಬೇರೆ ಬೇರೆಯಾಗಿ ಸಿಗುತ್ತವೆ. ಹೆಣ್ಣಿನಲ್ಲಿ ಎರಡೂ ಬೆರೆತು ಗೋಳಾಗುತ್ತದೆ. ಒಂದೇ ವಯಸ್ಸಿನ, ಹತ್ತಿರ ಹತ್ತಿರ ತೂಕದ ಬನ್ನೂರು ಟಗರುಗಳು ಸಿಕ್ಕರೆ ಒಳ್ಳೆಯದು. ಜಂತುಹುಳುವಿನ ಔಷಧಿ ಕೊಡಿಸಿ. ಎರಡು ದಿನ ಬೆಳಿಗ್ಗೆ, ಮೇವು ನೀರು ಕೊಡುವ ಮೊದಲೇ ತೂಗಿ ಸರಾಸರಿ ತೆಗೆಯಿರಿ.

ಹಿಂಡಿ ಕೊಡುವ, ಕೊಡದ ಎರಡು ಗುಂಪು ಮಾಡುವಾಗ ಕೈಗೆ ಸಿಕ್ಕಿದ್ದನ್ನು ಹಿಡಿದು ಕಟ್ಟುವುದು ಎಲ್ಲರೂ ಮಾಡುವ ತಪ್ಪು. ಮೊದಲು ಕೈಗೆ ಸಿಗುವುದು ಸಾಧುವಾದದ್ದು, ಇಲ್ಲವೇ ನಿತ್ರಾಣವಾದದ್ದು. ಅವೆಲ್ಲ ಒಂದೇ ಗುಂಪಿಗೆ ಸೇರಿಬಿಡುತ್ತವೆ. ತೂಕದ ಪ್ರಕಾರ ಜೋಡಿ ಮಾಡಿ, ಪ್ರತಿ ಜೋಡಿಯಲ್ಲೂ ಚೀಟಿ ಎತ್ತಿ. ಇನ್ನೊಂದು ಮಾತು. ಆರು ಟಗರುಗಳನ್ನು ಒಂದೇ ದೊಡ್ಡಿಯಲ್ಲಿ ಬಿಟ್ಟು ಒಟ್ಟಿಗೆ ಮೇವು ಹಾಕಿದರೆ ಮೇವಿನ ಲೆಕ್ಕದಲ್ಲಿ ಅದು ಆರಲ್ಲ, ಒಂದು. ಯಾವುದು ಎಷ್ಟು ತಿಂದಿತು ಎಂದು ನಿಮಗೆ ಗೊತ್ತಿಲ್ಲವಲ್ಲ.

ಹಂತ 3: ಹೊಂದಿಕೊಳ್ಳುವ ದಿನಗಳು

ಹೊಸ ಮೇವಿಗೆ ಹೊಟ್ಟೆಯ ಸೂಕ್ಷ್ಮಜೀವಿಗಳು ಒಗ್ಗಲು ಎರಡರಿಂದ ಮೂರು ವಾರ ಬೇಕು. ನಾನು 21 ದಿನಕ್ಕೆ ಕಡಿಮೆ ಒಪ್ಪುವುದಿಲ್ಲ. ಕೊನೆಯ ನಾಲ್ಕೈದು ದಿನ ಹಿಕ್ಕೆ, ಗಂಜಲ ಬೇರೆಯಾಗಿ ಹಿಡಿಯುವ ಪಂಜರದಲ್ಲೇ ಇರಲಿ, ಹಿಂಭಾಗಕ್ಕೆ ಹಿಕ್ಕೆ ಹಿಡಿಯುವ ಚೀಲವನ್ನೂ ಕಟ್ಟಿ ಅಭ್ಯಾಸ ಮಾಡಿಸಿ. ಪಂಜರ ಹೇಗಿರಬೇಕು ಎಂದು ಚಿತ್ರ ನೋಡಿ ಅರ್ಥವಾಗುವುದು ಕಷ್ಟ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಅಥವಾ ಆಡುಗೋಡಿಯಲ್ಲಿ 1995ರಿಂದ ಇರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯನ್ನು ಕೇಳಿಕೊಂಡು, ಅನುಮತಿ ಸಿಕ್ಕರೆ ಕಣ್ಣಾರೆ ನೋಡಿ ಬನ್ನಿ.

ಚೀಲದ ಬಗ್ಗೆ ಒಂದು ಎಚ್ಚರಿಕೆ. ಅಗ್ಗವೆಂದು ರೆಕ್ಸಿನ್ ಚೀಲ ಹೊಲಿಸಬೇಡಿ. ಒಳಗೆ ಬೆವರಿ ಹಿಕ್ಕೆ ತೇವವಾಗುತ್ತದೆ, ಟಗರಿನ ಹಿಂಭಾಗ ಹುಣ್ಣಾಗುತ್ತದೆ. ನೋವಿನಲ್ಲಿರುವ ಪ್ರಾಣಿ ಮೇವು ಬಿಡುತ್ತದೆ. ದಪ್ಪ ಕ್ಯಾನ್ವಾಸ್ ಬಟ್ಟೆಯೇ ಸರಿ.

ಹಂತ 4: ಆ ಏಳು ದಿನ

ಮೇವು, ಉಳಿಕೆ, ಹಿಕ್ಕೆ ಎಲ್ಲವನ್ನೂ ತೂಗಿ ಸಂಗ್ರಹಿಸುವ ಏಳು ದಿನ ಇವು. ಇಲ್ಲಿ ನಿಧಾನವಾಗಿ ಓದಿ. ನಾನು ನೋಡಿದ ಕೆಟ್ಟ ಪ್ರಯೋಗಗಳಲ್ಲಿ ಹೆಚ್ಚಿನವು ಕೆಟ್ಟದ್ದು ಇಲ್ಲೇ.

ದಿನ ಎಂದರೆ ಬೆಳಿಗ್ಗೆ ಎಂಟರಿಂದ ಮರುದಿನ ಎಂಟು. ಭಾನುವಾರವೂ ಅದೇ, ಹಬ್ಬದ ದಿನವೂ ಅದೇ. ತಿಂದದ್ದು ಹೊರಬರಲು ಹೊತ್ತು ಹಿಡಿಯುತ್ತದೆ. ಹಾಗಾಗಿ ಮೇವಿನ ಲೆಕ್ಕ ಹಿಕ್ಕೆಯ ಲೆಕ್ಕಕ್ಕಿಂತ ಒಂದು ದಿನ ಮೊದಲೇ ಶುರುವಾಗಲಿ.

ಮೊದಲು ಉಳಿಕೆ. ಟಗರು ಹುಲ್ಲನ್ನು ಹಾಗೇ ತಿನ್ನುವುದಿಲ್ಲ, ಆರಿಸಿ ತಿನ್ನುತ್ತದೆ. ತುಟಿಯಲ್ಲಿ ಜಾಲಾಡಿ ಗರಿಯನ್ನೆಲ್ಲ ಎಳೆದುಕೊಂಡು ದಂಟನ್ನು ಬಿಡುತ್ತದೆ. ಗರಿಯಲ್ಲಿ ಪ್ರೋಟೀನ್ ಜಾಸ್ತಿ, ದಂಟಿನಲ್ಲಿ ನಾರು ಜಾಸ್ತಿ. ಅಂದಮೇಲೆ ಉಳಿದ ಹುಲ್ಲು ಕೊಟ್ಟ ಹುಲ್ಲಿನಂಥದ್ದಲ್ಲ. ಕೊಟ್ಟ ಹುಲ್ಲನ್ನು ಮಾತ್ರ ಪರೀಕ್ಷಿಸಿ, ಉಳಿಕೆಗೂ ಅದೇ ಅಂಕಿ ಹಾಕುವುದು ದೊಡ್ಡ ತಪ್ಪು. ಪ್ರತಿ ಟಗರಿನ ಉಳಿಕೆಯನ್ನು ಪ್ರತಿದಿನ ಬೇರೆಯಾಗಿ ತೂಗಿ, ಬೇರೆಯಾಗಿ ಸ್ಯಾಂಪಲ್ ತೆಗೆದು ಒಣಗಿಸಿ. ಹುಲ್ಲನ್ನು ಎರಡು ಮೂರು ಸೆಂಟಿಮೀಟರ್‌ಗೆ ಕತ್ತರಿಸಿ ಕೊಟ್ಟರೆ ಆರಿಸುವುದು ಕಡಿಮೆಯಾಗುತ್ತದೆ. ಹಿಂಡಿಯನ್ನು ಬೇರೆ ಪಾತ್ರೆಯಲ್ಲಿ ಮೊದಲೇ ಕೊಡಿ, ಪೂರ್ತಿ ತಿಂದ ಮೇಲೆ ಹುಲ್ಲು ಹಾಕಿ. ಗೋದಲಿಯ ಕೆಳಗೆ ಚೆಲ್ಲಿದ್ದನ್ನು ಗುಡಿಸಿ ಉಳಿಕೆಗೆ ಸೇರಿಸಿ. ನೀರಿನ ಬಕೆಟ್ಟನ್ನು ಕಂಬಿಗೆ ಬಿಗಿಯಾಗಿ ಕಟ್ಟಿ.

ಇನ್ನು ಹಿಕ್ಕೆ. ಚೀಲವನ್ನು ದಿನಕ್ಕೆ ಎರಡು ಸಲವಾದರೂ ಖಾಲಿ ಮಾಡಿ. ತುಂಬಿದ ಚೀಲ ಜೋತುಬಿದ್ದು ಚೆಲ್ಲುತ್ತದೆ. ಎರಡೂ ಹೊತ್ತಿನದನ್ನು ಸೇರಿಸಿ ತೂಗಿ, ದೊಡ್ಡ ತಟ್ಟೆಗೆ ಸುರಿದು, ಕೈಗವಸು ಹಾಕಿಕೊಂಡು ಚೆನ್ನಾಗಿ ಕಲಸಿ. ಮೇಲಿನಿಂದ ಒಂದು ಮುಷ್ಟಿ ತೆಗೆದರೆ ಸಾಲದು. ಸ್ಯಾಂಪಲ್ ದಿನವೂ ಒಟ್ಟು ತೂಕದ ಇಷ್ಟನೇ ಪಾಲು ಎಂದಿರಲಿ. ನಾನು ಹತ್ತನೇ ಒಂದು ಪಾಲು ತೆಗೆಸುತ್ತೇನೆ. "ದಿನಾ 100 ಗ್ರಾಂ ತೆಗೆದಿದ್ದೇನೆ" ಎಂದು ತೃಪ್ತಿಯಿಂದ ಹೇಳುವವರನ್ನು ಎಷ್ಟೋ ಸಲ ತಿದ್ದಿದ್ದೇನೆ. 840 ಗ್ರಾಂ ಹಿಕ್ಕೆ ಹಾಕಿದ ದಿನಕ್ಕೂ 600 ಗ್ರಾಂ ಹಾಕಿದ ದಿನಕ್ಕೂ ಒಂದೇ ಬೆಲೆ ಕೊಟ್ಟಂತಾಯಿತಲ್ಲ.

ಪ್ರೋಟೀನ್ ಲೆಕ್ಕಕ್ಕೆ ಬೇಕಾದ ಸಾರಜನಕದ ಪರೀಕ್ಷೆಗೆ ಲ್ಯಾಬಿನ ಒಲೆಯಲ್ಲಿ (ಓವನ್) ಒಣಗಿಸಿದ ಹಿಕ್ಕೆ ಬಳಸಬೇಡಿ. ಒಣಗುವಾಗ ಸ್ವಲ್ಪ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಹಸಿ ಹಿಕ್ಕೆಯ ಒಂದು ಪಾಲನ್ನು ತೂಗಿ, ನೀರು ಬೆರೆಸಿದ ಗಂಧಕಾಮ್ಲವಿರುವ ಬಾಟಲಿಗೆ ಹಾಕಿ. ಗಂಜಲದ ಕ್ಯಾನಿಗೂ ಹೀಗೇ, ಆಮ್ಲ ಮುಂಚೆಯೇ ಇರಬೇಕು. ಸಂಜೆ ಹಾಕಿದರಾಯಿತು ಎನ್ನುವಷ್ಟರಲ್ಲಿ ಅಮೋನಿಯಾ ಹೋಗಿರುತ್ತದೆ. ಕ್ಯಾನಿನ ಹತ್ತಿರ ಹೋದಾಗ ಮೂಗಿಗೆ ಘಾಟು ಬಂದರೆ ತಡವಾಗಿದೆ ಎಂದೇ ತಿಳಿಯಿರಿ.

ಗುರುತಿನ ಚೀಟಿ ಪೆನ್ಸಿಲ್‌ನಲ್ಲಿ ಬರೆದು ಒಣ ಸ್ಯಾಂಪಲ್ಲಿನ ಚೀಲದ ಒಳಗೇ ಹಾಕಿ. ಮಾರ್ಕರ್ ಅಳಿಸುತ್ತದೆ, ಅಂಟಿಸಿದ ಲೇಬಲ್ ಒಲೆಯ ಬಿಸಿಗೆ ಉದುರುತ್ತದೆ. ತೂಕದ ಯಂತ್ರವನ್ನು ದಿನವೂ ಗೊತ್ತಿರುವ ಕಲ್ಲಿಟ್ಟು ಪರೀಕ್ಷಿಸಿ. ತೂಗುಹಾಕುವ ಸ್ಪ್ರಿಂಗ್ ತಕ್ಕಡಿ ಈ ಕೆಲಸಕ್ಕೆ ಬೇಡವೇ ಬೇಡ.

ಇಷ್ಟು ಕಷ್ಟ ಬೇಡ ಎಂದು ಕೆಲವರು ಅಡ್ಡದಾರಿ ಹಿಡಿಯುತ್ತಾರೆ. ಆಮ್ಲದಲ್ಲಿ ಕರಗದ, ಹೊಟ್ಟೆಯಲ್ಲಿ ಜೀರ್ಣವಾಗದೆ ಹೊರಬರುವ ಬೂದಿಯನ್ನು ಮೇವಿನಲ್ಲೂ ಹಿಕ್ಕೆಯಲ್ಲೂ ಅಳೆದು ಜೀರ್ಣತೆ ಲೆಕ್ಕ ಹಾಕುವ ದಾರಿ ಅದು. ದಾರಿ ಸುಳ್ಳಲ್ಲ. ಆದರೆ ಕಣದಿಂದ ಬಂದ ರಾಗಿ ಹುಲ್ಲಿನಲ್ಲಿ ಮಣ್ಣು ಇದ್ದೇ ಇರುತ್ತದೆ. ಅದು ಎಲ್ಲ ಹಿಡಿಯಲ್ಲೂ ಒಂದೇ ಸಮ ಇರುವುದಿಲ್ಲ, ಲೆಕ್ಕ ತಪ್ಪುತ್ತದೆ. ಕಲಿಯುವವರು ಮೊದಲು ಚೀಲ ಕಟ್ಟಿಯೇ ಕಲಿಯಲಿ.

ಹಂತ 5: ಲ್ಯಾಬ್ ಮತ್ತು ಲೆಕ್ಕ

ಒಣ ಅಂಶಕ್ಕೆ, ಅಂದರೆ ನೀರು ಹೋದ ಮೇಲೆ ಉಳಿಯುವ ಭಾಗಕ್ಕೆ, 100ರಿಂದ 105 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. ಪ್ರೋಟೀನಿಗೆ ಸಾರಜನಕವನ್ನು ಅಳೆಯುವ ಕೆಲ್ಡಾಲ್ ವಿಧಾನ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ 1883ರಲ್ಲಿ ಬಂದದ್ದು ಇಂದಿಗೂ ನಡೆಯುತ್ತಿದೆ. ಸಿಕ್ಕ ಸಾರಜನಕವನ್ನು 6.25ರಿಂದ ಗುಣಿಸಿ.

ಲೆಕ್ಕ ಹೀಗೆ. 30 ಕೆ.ಜಿ. ಟಗರಿಗೆ 1,000 ಗ್ರಾಂ ಹುಲ್ಲು, 200 ಗ್ರಾಂ ಹಿಂಡಿ ಕೊಟ್ಟಿರಿ ಎನ್ನೋಣ. ಎರಡರಲ್ಲೂ 90% ಒಣ ಅಂಶ. ಒಟ್ಟು 1,080 ಗ್ರಾಂ. ಉಳಿಕೆ 150 ಗ್ರಾಂ, ಅದರ ಒಣ ಅಂಶ 135. ತಿಂದದ್ದು 945 ಗ್ರಾಂ. ಹಿಕ್ಕೆ 840 ಗ್ರಾಂ, ಅದರಲ್ಲಿ 45% ಒಣ ಅಂಶ, ಅಂದರೆ 378 ಗ್ರಾಂ. ಜೀರ್ಣವಾದದ್ದು 567 ಗ್ರಾಂ, ಅಂದರೆ 60%. ಈಗ ಚೀಲ ಚೆಲ್ಲಿ ಹಿಕ್ಕೆಯ ಹತ್ತನೇ ಒಂದು ಪಾಲು ನೆಲದ ಪಾಲಾಯಿತು ಎನ್ನಿ. ಉತ್ತರ 64% ಬರುತ್ತದೆ. ಹೆಚ್ಚಾಗಿ ಬಂದ ಆ ಶೇಕಡಾ ನಾಲ್ಕನ್ನು ನೀವು ಹಿಂಡಿಯ ಗುಣವೆಂದು ಬರೆದುಬಿಡುತ್ತೀರಿ. ರೈತರು ಅದನ್ನು ನಂಬಿ ಹಿಂಡಿಗೆ ದುಡ್ಡು ಹಾಕುತ್ತಾರೆ.

ಹಂತ 6: ರಕ್ತ, ಹೊಟ್ಟೆಯ ರಸ

ಇವೆರಡೂ ಸಂಗ್ರಹದ ದಿನಗಳು ಮುಗಿದ ಮರುದಿನವೇ ಇರಲಿ. ನಡುವೆ ಹಿಡಿದು ಗಾಬರಿಪಡಿಸಿದರೆ ಮೇವು ತಿನ್ನುವುದು ಕುಗ್ಗುತ್ತದೆ. ಪಶುವೈದ್ಯರೇ ತೆಗೆಯಲಿ. ರಕ್ತವನ್ನು ಬೆಳಿಗ್ಗೆ ಮೇವಿಗೆ ಮುಂಚೆ ತೆಗೆಸಿ. ಗ್ಲೂಕೋಸ್ ನೋಡುವುದಿದ್ದರೆ ಫ್ಲೋರೈಡ್ ಇರುವ ಟ್ಯೂಬೇ ಬೇಕು. ಇಲ್ಲದಿದ್ದರೆ ರಕ್ತಕಣಗಳು ಟ್ಯೂಬಿನೊಳಗೇ ಗ್ಲೂಕೋಸ್ ಖರ್ಚು ಮಾಡುತ್ತಿರುತ್ತವೆ. ಹೊಟ್ಟೆಯ ರಸವನ್ನು ನಳಿಗೆಯಿಂದ ತೆಗೆದಾಗ ಮೊದಲು ಬಂದದ್ದನ್ನು ಚೆಲ್ಲಿ. ಅದರಲ್ಲಿ ಜೊಲ್ಲು ಬೆರೆತಿರುತ್ತದೆ, ಪಿಎಚ್ ಮೇಲೆ ಹೋಗುತ್ತದೆ. ಆಮೇಲೆ ಬಂದದ್ದನ್ನು ನಾಲ್ಕು ಪದರ ಮಸ್ಲಿನ್ ಬಟ್ಟೆಯಲ್ಲಿ ಸೋಸಿ, ಪಿಎಚ್ಚನ್ನು ಟಗರಿನ ಪಕ್ಕದಲ್ಲೇ ನಿಂತು ನೋಡಿ. ರಸದಲ್ಲಿರುವ ಜೀವಿಗಳು ಬದುಕಿರಬೇಕಾದರೆ ಥರ್ಮಾಸ್ ಫ್ಲಾಸ್ಕಿಗೆ 39 ಡಿಗ್ರಿಯ ನೀರು ತುಂಬಿಸಿಟ್ಟು, ರಸ ಬರುವ ಹೊತ್ತಿಗೆ ಆ ನೀರು ಚೆಲ್ಲಿ ರಸ ತುಂಬಿ.

ಒಣಗಿಸಿ ಪುಡಿ ಮಾಡಿದ ಸ್ಯಾಂಪಲ್‌ಗಳನ್ನು ಎರಡೆರಡು ಬಾಟಲಿಯಲ್ಲಿ, ಎರಡು ಬೇರೆ ಕಪಾಟಿನಲ್ಲಿ ಇಡಿ. ಪ್ರಬಂಧಕ್ಕೆ ಒಪ್ಪಿಗೆ ಸಿಗುವವರೆಗೆ ಒಂದನ್ನೂ ಎಸೆಯಬೇಡಿ.