ಸವೆದ ಪದಕದ ಅಂಚು ಓದಿದ್ದು: ನನ್ನ ಅನುಭವ

"ಅಕ್ಷರ ಎಲ್ಲಾ ಹೋಗಿದೆ, ಬೆಳ್ಳಿ ತೂಕಕ್ಕೆ ಹಾಕಿಬಿಡಿ" ಅಂದವರೇ ಎಲ್ಲ. ಈಗ ಅದೇ ಅಂಚಿನಿಂದ ಸವಾರನ ಹೆಸರೂ ಅವನ ಪಡೆ ಮೈಸೂರು ಲ್ಯಾನ್ಸರ್ಸೂ (ಮೈಸೂರು ಸಂಸ್ಥಾನದ ಕುದುರೆಪಡೆ) ಎದ್ದು ಬಂದಿವೆ.

ಪದಕ ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್; ಪಡೆದವನ ನಂಬರು, ಹೆಸರು, ಪಡೆ ಇದರ ಅಂಚಿನಲ್ಲೇ ಒತ್ತಿರುತ್ತೆ. ಕೊಟ್ಟದ್ದು ನಾಲ್ಕೂವರೆ ಸಾವಿರದ ಆಸುಪಾಸು. ಹಬ್ಬಹಬ್ಬಕ್ಕೂ ಹುಣಸೆಹಣ್ಣು ಹಾಕಿ ತಿಕ್ಕಿದ್ದಾರೆ ಅಂತ ಕಾಣುತ್ತೆ, ಅಂಚು ಬಳಪದ ಹಾಗೆ ನುಣುಪು. ಬಟರ್ ಪೇಪರ್ ಮೇಲೆ ಪೆನ್ಸಿಲ್ ಉಜ್ಜಿದರೆ ಆ ಸಣ್ಣ ಅಂಚಿನಲ್ಲಿ ಕಾಗದವೇ ನಿಲ್ಲಲಿಲ್ಲ. ಹಲ್ಲಿನ ಡಾಕ್ಟರು ಬಳಸುವ ಅಚ್ಚಿನ ಪುಡಿಗೆ ಎಂಟುನೂರು ಹೋಯಿತು, ಬರೀ ಗುಳ್ಳೆ. ನೀಲಿ ಟಾರ್ಚಿಗೆ ಆರುನೂರೋ ಏಳುನೂರೋ, ಪೂರ್ತಿ ದಂಡ.

ಕೊನೆಗೆ ಕೈಹಿಡಿದದ್ದು ಕರ್ಪೂರ, ಹತ್ತು ರೂಪಾಯಿಯದು. ಸ್ಟೀಲ್ ತಟ್ಟೆಯಡಿ ಮಸಿ ಹಿಡಿದು, ಮೆತ್ತನೆ ಬ್ರಷ್ಷಿನಲ್ಲಿ ಅಂಚಿಗೆ ಸವರಿ, ಪಾರದರ್ಶಕ ಟೇಪಿನ ಮೇಲೆ ಒಂದೇ ಸಲ ಉರುಳಿಸಿದೆ. ತಗ್ಗಿನ ಮಸಿ ಪದಕದಲ್ಲೇ ಉಳಿಯುತ್ತೆ; ಟೇಪನ್ನು ಹಾಳೆಗೆ ಅಂಟಿಸಿದರೆ ಅಕ್ಷರ ಬೆಳ್ಳಗೆ, ನೇರವಾಗೇ ಕಾಣುತ್ತೆ. ಮಸಿ ಉದುರದಿರಲು ಇನ್ನೊಂದು ಪುಡಿ ಚಿಟಿಕೆ ಬೆರೆಸುತ್ತೇನೆ. ಅದು ನನ್ನಲ್ಲೇ ಇರಲಿ. ನಂಬರಿನಲ್ಲಿ ಒಂದು ಅಂಕಿ ಮೂರೋ ಎಂಟೋ ಇನ್ನೂ ಜಗಳವಿದೆ.

ವಿಭೂತಿಯಲ್ಲೂ ಮಾಡಿ ನೋಡಿದೆ, ಕಾಳು ದಪ್ಪ. ಆದರೆ ಸೈನ್ಯದ ಜೊತೆ ಹೋದ ಕೆಲಸದಾಳುಗಳಿಗೆ ಕೊಟ್ಟ ಕಂಚಿನ ವಾರ್ ಮೆಡಲ್ ಮೇಲೆ ವಿಭೂತಿ ಸವರಿ ಓರೆ ಬೆಳಕಲ್ಲಿ ಫೋಟೋ ತೆಗೆದರೆ ಪರವಾಗಿಲ್ಲ. ಅದೇ ಯುದ್ಧದ ಇನ್ನೊಂದು ಪದಕ 1914-15 ಸ್ಟಾರ್ ಆದರೆ ಹೆಸರು ಹಿಂಬದಿಯ ಚಪ್ಪಟೆ ಜಾಗದಲ್ಲೇ ಇರುವುದರಿಂದ ಕಷ್ಟವೇ ಇಲ್ಲ, ಮಸಿ ಹಾಕಿದ ಕೂಡಲೇ ಬಂತು.

ಹೆಸರು ಬಂದ ಮೇಲೆ ವ್ಯಾಪಾರಿಗಳ ರಾಗ ಬದಲಾಯಿತು. "ಹೈಫಾ ಮೆಡಲ್ ಸಾರ್, ಇಪ್ಪತ್ತೈದು ಸಾವಿರ." 1918ರ ಸೆಪ್ಟೆಂಬರ್ 23ರಂದು ಮೈಸೂರು, ಜೋಧಪುರದ ಸವಾರರು ಈಗಿನ ಇಸ್ರೇಲಿನ ಹೈಫಾ ಊರು ಹಿಡಿದದ್ದು ನಿಜ, ಕಾರ್ಮೆಲ್ ಬೆಟ್ಟ ಹತ್ತಿ ಶತ್ರುಗಳ ಫಿರಂಗಿ ವಶಪಡಿಸಿಕೊಂಡವರಲ್ಲಿ ನಮ್ಮವರಿದ್ದರು. ಆದರೆ ಈ ಪದಕಕ್ಕೆ ರಿಬ್ಬನ್ ಮೇಲೆ ಕಾಳಗದ ಹೆಸರು ಹೊತ್ತ ಯಾವ ಲೋಹದ ಪಟ್ಟಿಯೂ ಇಲ್ಲ, ಈಜಿಪ್ಟಿನಲ್ಲಿ ಸೂಯೆಜ್ ಕಾಲುವೆ ಕಾದು ಊರಿಗೆ ಮರಳಿದವನಿಗೂ ಇದೇ. ಹಾಗಂತ ಹೇಳಿದ್ದಕ್ಕೆ ಒಬ್ಬರು ಹದಿನಾಲ್ಕು ಸಾವಿರಕ್ಕೆ ಇಳಿದರು. ಕೊಡಲಿಲ್ಲ.