ಓದುಗ ಸಿಕ್ಕ ಮೇಲೆಯೇ ಬರೆದೆ

ಶಾಲೆಯ ಮುಂದಿನ ರಸ್ತೆಯಲ್ಲಿ ವೇಗಮಿತಿಯನ್ನು ಗಂಟೆಗೆ 30 ಕಿಲೋಮೀಟರ್‌ಗೆ ಇಳಿಸಬೇಕೆಂಬ ನಮ್ಮ ಬೇಡಿಕೆ ಕೊನೆಗೂ ಆದೇಶವಾಗಿ ಹೊರಬಿದ್ದದ್ದು ಎರಡು ಪುಟಗಳ ಒಂದು ಬರಹದಿಂದ. ಒಬ್ಬನೇ ಓದುಗನಿಗಾಗಿ ಬರೆದರೆ ಏನು ಸಾಧಿಸಿದಂತಾಗುತ್ತದೆ ಎಂದು ಜೊತೆಗಾರರು ಕೇಳಿದ್ದರು. ಈಗ ಅವರೇ ಅದರ ಪ್ರತಿಯನ್ನು ಕೇಳಿ ಪಡೆಯುತ್ತಿದ್ದಾರೆ.

ಅದಕ್ಕೂ ಮೊದಲು ‘ಸಾರ್ವಜನಿಕರಲ್ಲಿ ವಿನಂತಿ’ ಎಂಬ ತಲೆಬರಹದ ಕರಪತ್ರಗಳನ್ನು ಹಂಚಿದ್ದೆವು. ಸಂಗ್ರಹವಾದ ವಂತಿಗೆಯ ಸುಮಾರು ಮುಕ್ಕಾಲು ಪಾಲು ಮುದ್ರಣಕ್ಕೇ ಹೋಯಿತು. ಓದಿದವರು ಮರುಗಿದರು, ಮಡಚಿ ಜೇಬಿಗಿಟ್ಟುಕೊಂಡರು. ಆದರೆ ವೇಗಮಿತಿ ಬದಲಿಸುವ ಅಧಿಕಾರ ಅವರಲ್ಲಿ ಯಾರಿಗೂ ಇರಲಿಲ್ಲ. ಆಮೇಲೆ ಮೇಲಧಿಕಾರಿಗಳಿಗೆ ಮನವಿ ಸಲ್ಲಿಸಿದಾಗ, ಅದು ‘ಸೂಕ್ತ ಕ್ರಮಕ್ಕಾಗಿ’ ಎಂಬ ಷರಾ ಹೊತ್ತು ಮೇಜಿನಿಂದ ಮೇಜಿಗೆ ಇಳಿಯುತ್ತಾ ಹೋಗಿ ಒಬ್ಬ ಕಿರಿಯ ಎಂಜಿನಿಯರರ ಬಳಿ ನಿಂತಿತು. ಮನವಿ ಎಲ್ಲಿ ನಿಲ್ಲುತ್ತದೋ ಅಲ್ಲಿರುವವರೇ ನಮ್ಮ ಓದುಗರು ಎಂಬುದು ನನಗೆ ಖಚಿತವಾದದ್ದು ಆಗಲೇ.

ಅವರಿಗೆ ಮಕ್ಕಳ ಬಗ್ಗೆ ಕಾಳಜಿ ಇರಲಿಲ್ಲವೆಂದಲ್ಲ. ‘ಯಾವ ಆಧಾರದ ಮೇಲೆ ಶಿಫಾರಸು ಮಾಡಿದಿರಿ’ ಎಂದು ನಾಳೆ ಯಾರಾದರೂ ಕೇಳಿದರೆ ತೋರಿಸಲು ಕಾಗದವಿಲ್ಲ ಎಂಬುದೇ ಅವರ ಅಳುಕು ಎಂದು ಹಳೆಯ ಕಡತಗಳ ಟಿಪ್ಪಣಿಗಳನ್ನು ಓದಿದಾಗ ತಿಳಿಯಿತು. ಆದ್ದರಿಂದ ಕರುಣಾಜನಕ ವರ್ಣನೆಯನ್ನೆಲ್ಲ ತೆಗೆದುಹಾಕಿ, ಪಾದಚಾರಿಗಳೂ ವಾಹನಗಳೂ ಬೆರೆಯುವ ಕಡೆ ಗರಿಷ್ಠ ವೇಗ 30 ಇರಬೇಕೆಂದ ರಸ್ತೆ ಸುರಕ್ಷತೆ ಕುರಿತ ಜಾಗತಿಕ ಸಮ್ಮೇಳನದ 2020ರ ಸ್ಟಾಕ್‌ಹೋಮ್ ಘೋಷಣೆಯನ್ನೂ, ಸರಾಸರಿ ವೇಗ ಶೇ. 1ರಷ್ಟು ಏರಿದರೆ ಸಾವು ತರುವ ಅಪಘಾತದ ಸಂಭವ ಸುಮಾರು ಶೇ. 4ರಷ್ಟು ಏರುತ್ತದೆಂಬ ವಿಶ್ವ ಆರೋಗ್ಯ ಸಂಸ್ಥೆಯ ಅಂಕಿಯನ್ನೂ ಮೊದಲ ಪುಟದಲ್ಲಿಟ್ಟೆ. ಕೊನೆಯ ಪ್ಯಾರಾವನ್ನು ಅವರು ತಮ್ಮ ಟಿಪ್ಪಣಿಗೆ ಹಾಗೆಯೇ ಇಳಿಸಿಕೊಳ್ಳಬಹುದಾದ ಭಾಷೆಯಲ್ಲಿ ಬರೆದೆ. ಹೆಚ್ಚುಕಡಿಮೆ ಅದೇ ಮಾತುಗಳು ಆದೇಶದಲ್ಲೂ ಉಳಿದಿವೆ. ಈ ಬಗ್ಗೆ ನನಗೆ ಹೆಮ್ಮೆಯಿದೆ. ಆ ಬರಹವನ್ನು ಯಾವ ದಿನ, ಯಾರ ಮೂಲಕ ತಲುಪಿಸಿದೆ ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ, ಆ ದಾರಿ ಇನ್ನೂ ಬಳಕೆಯಲ್ಲಿದೆ.

ಇದರ ನಡುವೆ ಚಾಲಕರಿಗಾಗಿ ಎರಡು ಬಗೆಯ ಚೀಟಿಗಳನ್ನೂ ಹಂಚಿ ನೋಡಿದೆ. ಒಂದರಲ್ಲಿ ಗಾಯಗೊಂಡ ಮಗುವಿನ ಚಿತ್ರವಿತ್ತು. ‘ನಾನು ಅಂಥವನಲ್ಲ’ ಎಂದು ಹೆಚ್ಚಿನವರು ಅದನ್ನು ಹಿಂದಿರುಗಿಸಿದರು. ಇನ್ನೊಂದರಲ್ಲಿ, ಶಾಲೆಯ ಆಸುಪಾಸಿನ 500 ಮೀಟರನ್ನು 50ರ ಬದಲು 30ರ ವೇಗದಲ್ಲಿ ದಾಟಿದರೆ ತಗಲುವ ಹೆಚ್ಚಿನ ಸಮಯ 24 ಸೆಕೆಂಡು ಎಂದಷ್ಟೇ ಇತ್ತು. ಅದನ್ನು ಓದಿದವರು ವಾದಕ್ಕಿಳಿದರು, ಬೆರಳೆಣಿಸಿ ಲೆಕ್ಕ ಹಾಕಿದರು, ಕೆಲವರು ಒಪ್ಪಿದರು. ತಡವಾಗುತ್ತದೆಂಬುದೇ ಚಾಲಕರ ನಿಜವಾದ ಆತಂಕವಾಗಿತ್ತು.

ಅಂಗಡಿಯವರಿಗೆ ಬರೆದದ್ದು ಇನ್ನೂ ಫಲ ಕೊಟ್ಟಿಲ್ಲ. ವೇಗ ಎಷ್ಟಿದ್ದರೂ ಅವರ ತಕರಾರಿಲ್ಲ. ವೇಗ ತಗ್ಗಿಸಲೆಂದು ರಸ್ತೆ ಕಿರಿದಾದರೆ ಗಿರಾಕಿಗಳು ಗಾಡಿ ಎಲ್ಲಿ ನಿಲ್ಲಿಸಬೇಕು ಎಂಬುದಷ್ಟೇ ಅವರ ಪ್ರಶ್ನೆ. ಅದಕ್ಕೆ ನಕ್ಷೆ ಸಮೇತ ಬೇರೆಯೇ ಬರಹ ಬೇಕು, ಸದ್ಯ ಅದನ್ನು ಸಿದ್ಧಪಡಿಸುತ್ತಿದ್ದೇನೆ.